ಬಾಗಿಲಿಗೆ ಅಡ್ಡ ಮಲಗಿದ ಕಾಯಿದೆ

ಬಾಗಿಲು ತಳ್ಳಿದೆ. ಬಾಗಿಲು ನನ್ನನ್ನು ವಾಪಸು ತಳ್ಳಿತು.

ನಾನು ಸಾಮಾನ್ಯ ಮನುಷ್ಯನಲ್ಲ. ಧ್ರುವದ ಹಿಮದಲ್ಲಿ ನಮ್ಮ ದೇಶ ಕಟ್ಟಿದ ಸಂಶೋಧನಾ ಠಾಣೆಗೆ ಬಾಣಸಿಗನಾಗಿ ಹೋದವನು. ನನ್ನ ಬ್ರೆಡ್ಡು ಬೇಯುವ ಘಮಕ್ಕೆ ದಿಗಂತದಾಚೆಯ ಹಡಗುಗಳು ದಿಕ್ಕು ಬದಲಿಸಿದ್ದುಂಟು. ಗಾಳಿ ಅಳೆಯುವ ಯಂತ್ರ ನನ್ನ ಒಲೆಯ ಕಡೆಗೇ ತಿರುಗಿ ನಿಂತು ವಿಜ್ಞಾನಿಗಳ ಲೆಕ್ಕ ಕೆಡಿಸಿದ್ದೂ ಉಂಟು. ಇದರಲ್ಲಿ ಮುಕ್ಕಾಲು ಭಾಗ ಕಳೆದು ಓದಿ, ಆದರೂ ನಿಮಗೆ ಸಾಕಷ್ಟು ಉಳಿಯುತ್ತದೆ. ಅಂಥ ನಾನು, ಹಿಟ್ಟಿನ ಮೂಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಿಳ್ಳೆ ಹಾಕುತ್ತ ಓಡಾಡುವ ನಾನು, ಆ ಬೆಳಿಗ್ಗೆ ಕಸದ ಡಬ್ಬ ಹಿಡಿದು ಭುಜ ಕೊಟ್ಟರೆ ಬಾಗಿಲು ಎರಡು ಬೆರಳಿನಷ್ಟು ತೆರೆದು ನಿಂತುಬಿಟ್ಟಿತು. ಸಂದಿಯಿಂದ ಒಂದು ಬಿಸಿ ಉಸಿರು ಒಳಗೆ ಬಂತು. ಮೀನಿನ ಗೋದಾಮೊಂದು ತೇಗಿದ ಹಾಗಿತ್ತು.

ಸಂದಿಗೆ ಕಣ್ಣಿಟ್ಟೆ. ಆ ಕಡೆಯಿಂದ ಇನ್ನೊಂದು ಕಣ್ಣು ನನ್ನನ್ನು ನೋಡುತ್ತಿತ್ತು. ಊಟದ ತಟ್ಟೆಯಷ್ಟು ಅಗಲ, ಕಪ್ಪು, ಒದ್ದೆ. ನನ್ನನ್ನು ಕಂಡು ಅದಕ್ಕೇನೂ ಅನ್ನಿಸಲಿಲ್ಲ ಎನ್ನುವುದೇ ನನಗಾದ ಮೊದಲ ಆಘಾತ.

ನಾನು ಹಾಕಿದ ಕೂಗಿಗೆ ಠಾಣೆಯೆಲ್ಲ ಎದ್ದು ಬಂತು. ಠಾಣೆ ಎಂದರೆ ಅರಮನೆಯೇನಲ್ಲ. ಉದ್ದನೆಯ ಒಂದು ಪೆಟ್ಟಿಗೆ. ಒಂದು ತುದಿಯಲ್ಲಿ ಈ ಬಾಗಿಲು, ನಡುವೆ ಕೊಳವೆಯಂಥ ಓಣಿ, ಇಕ್ಕೆಲಗಳಲ್ಲಿ ಮಲಗುವ ಕೋಣೆಗಳು, ಯಂತ್ರಗಳು, ಚಿಕಿತ್ಸೆಯ ಕೋಣೆ. ಇನ್ನೊಂದು ತುದಿಯಲ್ಲಿ ನನ್ನ ಸಾಮ್ರಾಜ್ಯ, ಅಡಿಗೆಮನೆ. ಕಿಟಕಿಗಳು ಬೋಗುಣಿಯಷ್ಟು. ಬೆಂಕಿ ಬಿದ್ದರೆ ಪಾರಾಗಲೆಂದು ಮಾಡಿನಲ್ಲಿ ಒಂದು ಕಿಂಡಿಯಿತ್ತು. ಏಣಿ ಹತ್ತಿ, ಉಸಿರು ಬಿಗಿಹಿಡಿದು, ಒಬ್ಬೊಬ್ಬರೇ ತೂರಬೇಕು. ಹೊರಹೋಗಲು ಬೇರೆ ದಾರಿಯಿಲ್ಲ.

ಸೀಲ್ ಮೇಡಂ ಏಣಿ ಹತ್ತಿ ಕಿಂಡಿಯಿಂದ ಇಣುಕಿದರು. ಕಡಲ ಪ್ರಾಣಿಗಳನ್ನು ಓದಲೆಂದೇ ಬಂದ ಈ ಹೆಂಗಸು ಸೀಲ್‌ಗಳ ಮುಖ ನೋಡಿ ಅವುಗಳ ಅಜ್ಜಿಯ ಗುಣ ಹೇಳಬಲ್ಲವರು.

"ಆನೆಸೀಲ್! ಗಂಡು! ಏನ್ ಚೆನ್ನಾಗಿದ್ದಾನೆ ಗೊತ್ತಾ!" ಎಂದು ಮೇಲಿನಿಂದಲೇ ಚಪ್ಪಾಳೆ ತಟ್ಟಿದರು. ಸೀಲ್ ಜಾತಿಯಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮೂಗು ಮೊಟಕು ಸೊಂಡಿಲಿನ ಹಾಗೆ ಜೋತಿರುತ್ತದೆ. ತೂಕ ಸಾಮಾನು ತುಂಬಿದ ಲಾರಿಯಷ್ಟು.

"ಯಾವಾಗ ಏಳುತ್ತೆ ಮೇಡಂ?"

"ಹಳೇ ಚರ್ಮ ಉದುರಿಸೋಕೆ ದಡಕ್ಕೆ ಬಂದಿದ್ದಾನೆ. ಉದುರೋ ತನಕ ಏಳಲ್ಲ."

"ಅಂದ್ರೆ ಮಧ್ಯಾಹ್ನದ ಹೊತ್ತಿಗೆ?"

"ಒಂದು ತಿಂಗಳಾಗಬಹುದು."

ಮೊದಲು ನಕ್ಕವನು ಮೆಕ್ಯಾನಿಕ್. "ಹೇಳದೆ ಕೇಳದೆ ಬಂದು, ಬಾಗಿಲಲ್ಲೇ ಬಿದ್ಕೊಂಡು, ತಿಂಗಳಾದ್ರೂ ಹೋಗಲ್ಲ ಅಂದ್ರೆ ಇವರು ಬೀಗರೇ ಕಣ್ರೀ!" ಎಂದ. ಆ ಗಳಿಗೆಯಿಂದ ಸೀಲ್‌ಗೆ ಬೀಗರು ಎಂದೇ ಹೆಸರಾಯಿತು. ಠಾಣೆಯ ನಾಯಕರೂ ನಕ್ಕರು. ಸದಾ ಫ್ಲಾಸ್ಕ್ ಕಂಕುಳಲ್ಲಿಟ್ಟುಕೊಂಡಿರುವ ಈ ಸಾಧು ಮನುಷ್ಯ, "ಒಂದು ಟಾರ್ಪಾಲು ಬೀಸಿ ಎಬ್ಬಿಸೋಣವೇ?" ಎಂದು ಬಾಯಿಬಿಟ್ಟರು, ಅಷ್ಟೆ.

"ಯಾರದು ಎಬ್ಬಿಸೋಣ ಅಂದಿದ್ದು?"

ಎಲ್ಲರ ನಗುವೂ ಅಲ್ಲೇ ನಿಂತಿತು. ಓಣಿಯ ಆ ತುದಿಯಲ್ಲಿ ನನ್ನ ಅಕ್ಕ ನಿಂತಿದ್ದಳು.

ಇವಳ ವಿಷಯ ಹೇಳಲೇಬೇಕು. ನಮ್ಮ ದೇಶದ ಧ್ರುವ ಕಾಯಿದೆಯ ಕರಡು ಬರೆದವಳೇ ಇವಳು. ಹಿಮದ ಮೇಲೆ ಕಾಲಿಡುವ ನಮ್ಮ ಪ್ರಜೆ ವಿಜ್ಞಾನಿಯಾಗಲಿ ಬಾಣಸಿಗನಾಗಲಿ, ಒಂದು ಕಲ್ಲು ಜೇಬಿಗಿಳಿಸುವಂತಿಲ್ಲ, ಕಾಲುಚೀಲದಲ್ಲಿ ಒಂದು ಬೀಜ ತರುವಂತಿಲ್ಲ, ಕಸದ ಒಂದು ಚೂರು ಗಾಳಿಗೆ ಬಿಡುವಂತಿಲ್ಲ. ಪ್ರಾಣಿಗಳ ಹತ್ತಿರ ಹೋಗುವಂತಿಲ್ಲ, ಎಬ್ಬಿಸುವಂತಿಲ್ಲ, ಹೆದರಿಸುವಂತಿಲ್ಲ. ಪ್ರಾಣಿಯೇ ತಾನಾಗಿ ನಿಮ್ಮ ಹತ್ತಿರ ಬಂದರೆ ತಪ್ಪು ನಿಮ್ಮದಲ್ಲ, ಆದರೆ ಅದು ಹೋಗುವವರೆಗೆ ಸದ್ದಿಲ್ಲದೆ ನಿಂತಿರಬೇಕು. ಕಾಯಿದೆ ಹೇಗೆ ನಡೆಯುತ್ತಿದೆ ಎಂದು ಪರೀಕ್ಷಿಸಲು ಹಿಂದಿನ ದಿನವಷ್ಟೇ ಹಡಗಿನಲ್ಲಿ ಬಂದಿಳಿದಿದ್ದಳು. ಒಡಹುಟ್ಟಿದವನನ್ನು ಎಷ್ಟೋ ಕಾಲದ ಮೇಲೆ ನೋಡಿದವಳು ತಬ್ಬಿಕೊಳ್ಳುವ ಮೊದಲು ನನ್ನ ಜೇಬುಗಳನ್ನು ಹೊರಗೆಳೆಸಿ, ಒಂದು ಕಲ್ಲಿನ ಚೂರಾದರೂ ಸಿಗುತ್ತದೆಯೇ ಎಂದು ತಡಕಿದಳು. ಸಿಗದಿದ್ದಾಗ ಅವಳಿಗೆ ನಿರಾಸೆಯಾಯಿತು ಎಂದು ನಾನು ಆಣೆಯಿಟ್ಟು ಹೇಳಬಲ್ಲೆ.

"ಅಲ್ಲಕ್ಕಾ, ಕಸ ಎಲ್ಲಿಗೆ ಹಾಕ್ಲಿ?"

"ತಲೆ ಮೇಲೆ ಇಟ್ಕೋ. ಕಿಂಡಿಯಿಂದ ಓಡಾಡಿ ಎಲ್ರೂ. ಬೊಜ್ಜಾದ್ರೂ ಕರಗುತ್ತೆ."

ಹೀಗೆ ತಮಾಷೆಯಾಗಿಯೇ ಮುಗಿಯಬೇಕಿದ್ದ ಸಂಗತಿ. ಆದರೆ ಅಷ್ಟರಲ್ಲಿ ಚಿಕಿತ್ಸೆಯ ಕೋಣೆಯಿಂದ ಭಾವ ಹೊರಗೆ ಬಂದ. ಭಾವ ಎಂದರೆ ಅಕ್ಕನ ಗಂಡ, ನಮ್ಮ ಠಾಣೆಯ ಏಕೈಕ ವೈದ್ಯ. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಆಳು, ಅಂದು ಕೊಂಕಿದ ಮೊಳೆಯ ಹಾಗೆ ಬಾಗಿ, ಗೋಡೆ ಹಿಡಿದು ಬರುತ್ತಿದ್ದ. ಮುಖದಲ್ಲಿ ಬೆವರು. ಹೊರಗೆ ಉಗುಳಿದ್ದು ನೆಲ ಮುಟ್ಟುವುದರೊಳಗೆ ಕಲ್ಲಾಗುವ ಚಳಿಯ ನಾಡಿನಲ್ಲಿ ಬೆವರು!

"ನಿನ್ನೆ ರಾತ್ರಿಯಿಂದ ಹೊಟ್ಟೆನೋವು. ಬಡಾಯಿಯ ಸೂಪು ಅಂದ್ಕೊಂಡಿದ್ದೆ," ಎಂದ. ಬಡಾಯಿ ಎಂದರೆ ನಾನು. ಅದು ಅವನೇ ಇಟ್ಟ ಹೆಸರು.

"ನನ್ನ ಸೂಪು ಕುಡಿದವರು ಸತ್ತಿದ್ರೂ ಎದ್ದು ಕೂರ್ತಾರೆ ಭಾವ!"

"ಸೂಪಲ್ಲ ಮಾರಾಯ. ಒತ್ತಿ ನೋಡ್ಕೊಂಡೆ. ಅಪೆಂಡಿಕ್ಸು. ಇವತ್ತೇ ಕೊಯ್ಯಬೇಕು."

ಯಾರು ಕೊಯ್ಯುವುದು? ಠಾಣೆಯಲ್ಲಿ ಮನುಷ್ಯರನ್ನು ಕೊಯ್ಯಬಲ್ಲವನು ಅವನೊಬ್ಬನೇ. ನನಗೆ ಕೊಯ್ಯಲು ಗೊತ್ತಿದ್ದದ್ದು ಈರುಳ್ಳಿ. ನಾಯಕರು ವೈರ್‌ಲೆಸ್ಸಿಗೆ ಓಡಿದರು. ಅಕ್ಕ ಬಂದಿಳಿದ ಹಡಗು ಇನ್ನೂ ಕೊಲ್ಲಿಯ ಬಾಯಲ್ಲೇ ಇತ್ತು; ಅದರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯೂ ಇತ್ತು, ಡಾಕ್ಟರೂ ಇದ್ದರು. ಆದರೆ ಗಾಳಿ ತಿರುಗಿ ಕೊಲ್ಲಿಗೆ ಮಂಜುಗಡ್ಡೆ ನುಗ್ಗುತ್ತಿತ್ತು. ಕ್ಯಾಪ್ಟನ್ನರ ದನಿ ಕರಕರ ಎಂದಿತು: "ದೋಣಿ ಕಳಿಸ್ತೀನಿ. ಡಾಕ್ಟರನ್ನ ದಡಕ್ಕೆ ಬಿಟ್ರೆ ವಾಪಸು ಕರ್ಕೊಳ್ಳೋಕೆ ಆಗಲ್ಲ. ರೋಗಿ ಬೆಳಕಿರುವಾಗಲೇ ದಡದಲ್ಲಿರಬೇಕು. ದಾರಿ ಮುಚ್ಚಿದ್ರೆ ನಾನು ಕಾಯೋ ಹಾಗಿಲ್ಲ."

ಭಾವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿದೆವು. ಸ್ಟ್ರೆಚರ್ ಕಿಂಡಿಯಲ್ಲಿ ತೂರಲಿಲ್ಲ. ಅಡ್ಡಕ್ಕೆ ಹಿಡಿದೆವು, ಓರೆಗೆ ಹಿಡಿದೆವು. ಹೆಗಲ ಮೇಲೆ ಹೊತ್ತು ಏಣಿ ಹತ್ತಲು ಹೊರಟರೆ ಭಾವ ಕಿರುಚಿದ ಕಿರುಚಿಗೆ ನನ್ನ ಕೈಯೇ ಬಿಟ್ಟುಹೋಯಿತು. "ಮಡಚಬೇಡ್ರೋ! ಮಡಚಿದ್ರೆ ಒಳಗೇ ಒಡೆಯುತ್ತೆ, ಒಡೆದ್ರೆ ನಾನಿಲ್ಲ!"

ಉಳಿದದ್ದು ಬಾಗಿಲು. ಬಾಗಿಲ ಆಚೆ ಬೀಗರು ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಗೆ ನನ್ನ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಇದು ಬಡಾಯಿಯಲ್ಲ, ಬೇಕಾದರೆ ಮೆಕ್ಯಾನಿಕ್‌ನನ್ನು ಕೇಳಿ.

"ಮೇಡಂ," ಎಂದರು ನಾಯಕರು, ಅಕ್ಕನ ಕಡೆ ತಿರುಗಿ, "ಜೀವದ ಪ್ರಶ್ನೆ ಬಂದ್ರೆ ಪ್ರಾಣೀನ ಎಬ್ಬಿಸಬಹುದು ಅಂತ ಕಾಯಿದೇಲಿ ಇದೆಯಲ್ವಾ?"

"ಇದೆ."

"ಬದುಕ್ದೆ!" ಎಂದ ಮೆಕ್ಯಾನಿಕ್, ಆಗಲೇ ಟಾರ್ಪಾಲಿಗೆ ಕೈ ಹಾಕಿ.

"ಠಾಣೆಯ ವೈದ್ಯರು ರೋಗೀನ ಕಣ್ಣಾರೆ ನೋಡಿ, ಇದು ತುರ್ತು ಅಂತ ಬರ್ದು ಸಹಿ ಹಾಕ್ಬೇಕು."

ಎಲ್ಲರೂ ಸ್ಟ್ರೆಚರಿನತ್ತ ನೋಡಿದೆವು. ಭಾವ ಕೈ ಚಾಚಿದ. "ಕೊಡೇ ಇಲ್ಲಿ, ಹಾಕ್ತೀನಿ."

ಅಕ್ಕ ಪೆನ್ನು ಕೊಡಲಿಲ್ಲ.

"ಆಗಲ್ಲ ರೀ. ತನ್ನ ಸ್ವಂತ ವಿಷಯಕ್ಕೆ ವೈದ್ಯ ತಾನೇ ಸಹಿ ಹಾಕೋ ಹಾಗಿಲ್ಲ."

"ಯಾವ ಮುಠ್ಠಾಳ ಬರ್ದಿದ್ದು ಅದನ್ನ?"

"ಬರ್ದಿದ್ದು ನಾನು. ಸೇರಿಸಲೇಬೇಕು ಅಂತ ಹಟ ಹಿಡಿದಿದ್ದು ನೀವು."

ಅದನ್ನು ಸೇರಿಸಿದಾಗ ನಾನೂ ಅಲ್ಲಿದ್ದೆ. ಅಕ್ಕನ ಮನೆಯ ಊಟದ ಮೇಜು ಕಣ್ಣಿಗೆ ಕಟ್ಟಿತು. ಮೂರನೇ ಮಹಡಿ, ಕೆಳಗೆ ಬಸ್ಸುಗಳ ಹಾರ್ನು, ತಟ್ಟೆಗಳ ನಡುವೆ ಹರಡಿದ ಕರಡು ಪ್ರತಿಗಳು. ಭಾವ ಕೆಂಪು ಪೆನ್ಸಿಲು ಹಿಡಿದು ಕೂತಿದ್ದ. ಅಕ್ಕ ಒಂದೊಂದೇ ವಿನಾಯಿತಿ ಓದುತ್ತಿದ್ದಳು, ಅವನು ಹೊಡೆದುಹಾಕುತ್ತಿದ್ದ. ಠಾಣೆಯ ನಾಯಕರು ಸಹಿ ಹಾಕಬಹುದೇ? "ಬೇಡ, ಅವರಿಗೆ ನೆಗಡಿಯೂ ತುರ್ತೇ." ಹಡಗಿನ ಡಾಕ್ಟರು? "ಬೇಡವೇ ಬೇಡ, ಕ್ಯಾಪ್ಟನ್ ಹೇಳಿದ್ದಕ್ಕೆಲ್ಲ ತಲೆಯಾಡಿಸ್ತಾರೆ. ಠಾಣೆಯ ವೈದ್ಯ ಒಬ್ಬನೇ ಸಾಕು." ಆಮೇಲೆ ತನ್ನ ಪ್ರಾಮಾಣಿಕತೆಗೆ ತಾನೇ ಮೆಚ್ಚಿಕೊಂಡು, "ಅವನಿಗೂ ಒಂದು ಮೂಗುದಾರ ಇರ್ಲಿ. ತನ್ನ ಕೇಸಿಗೆ ತಾನು ಸಹಿ ಹಾಕೋ ಹಾಗಿಲ್ಲ ಅಂತ ಸೇರಿಸು," ಎಂದಿದ್ದ. ಅಕ್ಕ ಹೆಮ್ಮೆಯಿಂದ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ್ದಳು. ಠಾಣೆಯ ವೈದ್ಯನಾಗಿ ಹೋಗುವವನು ಅವನೇ ಎಂದು ಇಬ್ಬರಿಗೂ ಗೊತ್ತಿತ್ತು. ಲೋಕದ ಕಾಯಿಲೆಗಳನ್ನೆಲ್ಲ ಬಲ್ಲ ಆ ಮನುಷ್ಯನಿಗೆ ತನಗೂ ಒಂದು ಹೊಟ್ಟೆಯಿದೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

"ನೀನು ಬರ್ದ ಕಾಯಿದೆ ನನ್ನನ್ನ ಕೊಲ್ಲುತ್ತೆ ಕಣೇ," ಎಂದ ಭಾವ, ಹಲ್ಲು ಕಚ್ಚಿ. ಕೋಪಕ್ಕಿಂತ ಹೆಚ್ಚಾಗಿ ಬೆರಗಿನಿಂದ ಹೇಳಿದ ಹಾಗಿತ್ತು.

ನಾಯಕರು ಫ್ಲಾಸ್ಕ್ ಕೆಳಗಿಟ್ಟರು. ಅವರ ಕಂಕುಳು ಖಾಲಿಯಿದ್ದುದನ್ನು ನಾನು ಕಂಡದ್ದು ಅದೇ ಮೊದಲು. "ಕಾಯಿದೆ ಬದಿಗಿಡಿ ಮೇಡಂ. ನಾನು ಎಬ್ಬಿಸ್ತೀನಿ. ತಪ್ಪು ನನ್ನ ತಲೆ ಮೇಲಿರ್ಲಿ."

"ಒಂದ್ನಿಮಿಷ," ಎಂದರು ಸೀಲ್ ಮೇಡಂ. "ಅವನ ತಲೆ ಯಾವ ಕಡೆ ಇದೆ ನೋಡಿದ್ರಾ? ಬಾಗಿಲ ಕಡೆಗೆ. ಬೆಚ್ಚಿಬಿದ್ದ ಸೀಲ್ ಕೆಲವು ಸಲ ಹಿಂದಕ್ಕೆ ಸರಿಯುತ್ತೆ. ಕೆಲವು ಸಲ ಮುಖ ಇದ್ದ ಕಡೆಗೇ ನುಗ್ಗುತ್ತೆ. ನುಗ್ಗಿದ್ರೆ ಈ ಓಣಿ ಇರಲ್ಲ, ಓಣೀಲಿ ಇರೋವ್ರೂ ಇರಲ್ಲ."

ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ನಾನು ಹತ್ತು ಹೆಜ್ಜೆ ಸರಿದೆ.

ಅಕ್ಕ ಗರಬಡಿದವಳಂತೆ ನಿಂತಿದ್ದಳು. ಅವಳ ಒಂದು ಕೈ ಗಂಡನ ಹಣೆಯ ಮೇಲಿತ್ತು, ಇನ್ನೊಂದು ಕೈ ಗೋಡೆಯನ್ನು ಸುಮ್ಮನೆ ತಡವುತ್ತಿತ್ತು. ತಡವುತ್ತ ತಡವುತ್ತ ಆ ಕೈ ನಿಂತಿತು. ಅವಳು ಗೋಡೆಯನ್ನೊಮ್ಮೆ ನೋಡಿದಳು. ಆಮೇಲೆ ಓಣಿಯುದ್ದಕ್ಕೂ ಕಣ್ಣು ಹಾಯಿಸಿ ನನ್ನ ಅಡಿಗೆಮನೆಯನ್ನು ನೋಡಿದಳು.

ಚಿಕ್ಕವನಿದ್ದಾಗ ನನ್ನ ಪಾಲಿನ ಮಿಠಾಯಿಯನ್ನು ಅವಳು ಹೀಗೇ ನೋಡುತ್ತಿದ್ದಳು. ನನಗೆ ಅರ್ಥವಾಗಿಹೋಯಿತು.

"ಬೇಡಕ್ಕಾ."

"ಸೀಲ್ ಮುಟ್ಟಬಾರ್ದು ಅಂತ ಬರ್ದಿದ್ದೀನಿ. ನಮ್ಮ ಗೋಡೆ ಮುಟ್ಟಬಾರ್ದು ಅಂತ ಎಲ್ಲೂ ಬರ್ದಿಲ್ಲ."

"ಅಕ್ಕಾ, ಅದು ನನ್ನ ಅಡಿಗೆಮನೆ! ಅದರಂಥದ್ದು ಎರಡು ಧ್ರುವದಲ್ಲೂ ಇನ್ನೊಂದಿಲ್ಲ!"

"ಒಂದೇ ಒಂದು ಗೋಡೆ ಕಣೋ. ಬೇರೆ ಕಡೆಯೆಲ್ಲ ಹೊರಗೆ ಡೀಸೆಲ್ ಟ್ಯಾಂಕುಗಳಿವೆ. ನಿನ್ನ ಒಲೆ ಹಿಂದೆ ಮಾತ್ರ ಖಾಲಿ."

"ಒಲೆ ಆರಿದ್ರೆ ನಾವೆಲ್ಲ ಉಪವಾಸ ಸಾಯ್ತೀವಿ! ಬ್ರೆಡ್ಡು ಉಬ್ಬಿಸೋ, ಜೀವ ಇರೋ ಹುಳಿಹಿಟ್ಟು ಹೆಪ್ಪುಗಟ್ಟಿ ಹೋಗುತ್ತೆ! ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿದೆ!" ಎಂದು ನಾನು ಬೊಬ್ಬೆ ಹೊಡೆದೆ. ಇನ್ನೂ ಏನೇನೋ ಹೇಳುವವನಿದ್ದೆ. ಆಗ ಭಾವ ನನ್ನ ಮುಂಗೈ ಹಿಡಿದುಕೊಂಡ. ಅವನ ಕೈ ಕಾವಲಿಯ ಹಾಗೆ ಸುಡುತ್ತಿತ್ತು. ನನ್ನನ್ನು ಗೇಲಿ ಮಾಡದೆ ಒಂದು ಹೊತ್ತಿನ ಊಟ ಮುಗಿಸಿದವನಲ್ಲ ಅವನು. ಈಗ ನನ್ನ ಮುಖವನ್ನೇ ನೋಡಿದ, ಏನೂ ಹೇಳಲಿಲ್ಲ.

ಒಲೆಯನ್ನು ಮೊದಲು ಎಳೆದವನು ನಾನೇ. ಒಬ್ಬನೇ ಎಳೆದೆ ಎಂದು ನನ್ನ ನೆನಪು. ಮೆಕ್ಯಾನಿಕ್ ತಾನೂ ಒಂದು ಕೈ ಹಾಕಿದ್ದೆ ಎನ್ನುತ್ತಾನೆ. ಹುಳಿಹಿಟ್ಟಿನ ಜಾಡಿಯನ್ನು ಅಂಗಿಯೊಳಗೆ, ಹೊಟ್ಟೆಗೆ ತಾಗಿಸಿ ಕಟ್ಟಿಕೊಂಡೆ. ನಾಯಕರು ಗೋಡೆಯ ಮೇಲೆ ಗೆರೆ ಎಳೆದರು. ಮೆಕ್ಯಾನಿಕ್ ಗರಗಸದ ಸ್ವಿಚ್ಚು ಒತ್ತುವುದರಲ್ಲಿದ್ದ.

"ನಿಲ್ಲು!" ಎಂದಳು ಅಕ್ಕ.

"ಇನ್ನೇನಕ್ಕಾ?"

"ಗೋಡೆ ಒಳಗೆ ಫೋಮ್ ಇದೆ. ಕೊಯ್ದ್ರೆ ಪುಡಿ ಗಾಳಿಗೆ ಹೋಗುತ್ತೆ. ಒಂದು ಚೂರೂ ಹೊರಗೆ ಹೋಗೋ ಹಾಗಿಲ್ಲ."

ನಾವೆಲ್ಲ ಅವಳನ್ನೇ ನೋಡಿದೆವು. ಹಿಂದೆ ಗಂಡ ನರಳುತ್ತಿದ್ದಾನೆ, ಮುಂದೆ ಮಂಜುಗಡ್ಡೆ ದಾರಿ ಮುಚ್ಚುತ್ತಿದೆ, ಈ ಹೆಂಗಸು ಪುಡಿಯ ಮಾತಾಡುತ್ತಿದ್ದಾಳೆ! ಬೈಯಲೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಭಾವನ ಹಾಸಿಗೆಯ ಚಾದರ ಎಳೆದು ತಂದು, ವ್ಯಾಕ್ಯೂಮಿನ ಕೊಳವೆಯನ್ನು ನನ್ನ ಕೈಗೆ ತುರುಕಿದಳು. "ಹಿಡ್ಕೋ ತಮ್ಮಾ," ಎಂದಳು. "ಬೇಗ ಹಿಡ್ಕೋ. ಇದನ್ನೂ ಬಿಟ್ಟುಕೊಟ್ರೆ ಇಷ್ಟು ಹೊತ್ತು ಅವರನ್ನ ಯಾಕೆ ನರಳಿಸ್ದೆ ಅಂತ ನಾನೇ ನನ್ನನ್ನ ಕೇಳ್ಕೋಬೇಕಾಗುತ್ತೆ."

ಅಕ್ಕ ಮತ್ತು ಸೀಲ್ ಮೇಡಂ ಕಿಂಡಿಯಿಂದ ಹೊರಗಿಳಿದು, ಆ ಕಡೆಯಿಂದ ಚಾದರ ಬಿಗಿಹಿಡಿದು ಗೋಡೆಗೆ ಅಂಟಿನಿಂತರು. ಒಳಗೆ ಮೆಕ್ಯಾನಿಕ್ ಕೊಯ್ದ. ಗರಗಸದ ಮೂತಿಗೇ ವ್ಯಾಕ್ಯೂಮಿನ ಕೊಳವೆ ಹಿಡಿದು ನಾನು ಪುಡಿ ಹೀರಿಸಿದೆ. ಆ ಸದ್ದಿಗೆ ನನ್ನ ಹಲ್ಲಿನ ಬೇರುಗಳು ಸಡಿಲಾದವು, ಎರಡು ಕಿವಿಗಳೂ ಜಾಗ ಬದಲಿಸಿದವು. ಓಣಿಯ ಆ ತುದಿಯಲ್ಲಿದ್ದ ಬೀಗರು ಮಾತ್ರ ಗೊರಕೆಯ ರಾಗವನ್ನೂ ಬದಲಿಸಲಿಲ್ಲ.

ಗೋಡೆಯ ಹಲಗೆ ಕಳಚಿ ಬಂತು. ಚಳಿ ಒಳಗೆ ನುಗ್ಗಿತು. ಕೊಕ್ಕೆಗಳಲ್ಲಿ ನೇತಾಡುತ್ತಿದ್ದ ಸೌಟುಗಳ ಮೇಲೆ ಹಿಮ ಬೆಳ್ಳಗೆ ಹತ್ತಿಕೊಳ್ಳುವುದು ಕಣ್ಣಿಗೇ ಕಂಡಿತು. ಅರ್ಧ ಕುದಿದಿದ್ದ ಆಲೂಗಡ್ಡೆ ಅಲ್ಲೇ ಕಲ್ಲಾಯಿತು. ನಾವು ನಾಲ್ವರು ಸ್ಟ್ರೆಚರ್ ಎತ್ತಿ, ನನ್ನ ಒಲೆಯಿದ್ದ ಜಾಗದ ಮೂಲಕ, ಭಾವನನ್ನು ನೆಟ್ಟಗೆ ಮಲಗಿಸಿಕೊಂಡೇ ಹೊರಗೆ ತಂದೆವು. ಅಕ್ಕ ಚಾದರದ ನಾಲ್ಕು ಮೂಲೆಗಳನ್ನು ಪುಡಿಯ ಸಮೇತ ಗಂಟು ಹಾಕಿ, ಎದೆಗವಚಿಕೊಂಡು ಹಿಂದೆ ಓಡಿಬಂದಳು.

ದೋಣಿ ಮಂಜುಗಡ್ಡೆಗಳನ್ನು ತಳ್ಳಿಕೊಂಡು ದಡ ಮುಟ್ಟುತ್ತಿತ್ತು. ಭಾವ ನನ್ನನ್ನು ಹತ್ತಿರ ಕರೆದ. "ಬಡಾಯಿ, ನೀನಿವತ್ತು ಹೇಳೋದೆಲ್ಲ ನಾನು ನಂಬ್ತೀನಿ," ಎಂದ. ದೋಣಿ ತಿರುಗಿತು. ಅಕ್ಕ ಒಂದು ಕೈಯಲ್ಲಿ ಗಂಡನನ್ನೂ ಇನ್ನೊಂದರಲ್ಲಿ ಗಂಟನ್ನೂ ಹಿಡಿದು ಕೂತಿದ್ದಳು. ದೋಣಿ ಹೋದ ದಾರಿಯಲ್ಲೇ ಮಂಜುಗಡ್ಡೆಗಳು ಒಂದಕ್ಕೊಂದು ಅಂಟಿಕೊಂಡವು.

ಠಾಣೆಯ ಕಡೆ ತಿರುಗಿ ಬಂದೆವು. ಬಾಗಿಲ ಮುಂದೆ ಬರೀ ನೆಲವಿತ್ತು.

ಬೀಗರು ಇಲ್ಲ! ಒಂದು ತಿಂಗಳು ಏಳುವುದಿಲ್ಲವೆಂದ ಪ್ರಾಣಿ! ಉದುರಿದ ಚರ್ಮದ ಚಿಂದಿಗಳಷ್ಟೇ ಬಿದ್ದಿದ್ದವು. ನಾಯಕರು ತಲೆಯ ಮೇಲೆ ಕೈ ಹೊತ್ತುಕೊಂಡರು. ಸೀಲ್ ಮೇಡಂ ಮಾತ್ರ ಹಿಮದ ಮೇಲೆ ಎಳೆದುಹೋದ ಅಗಲವಾದ ಗುರುತನ್ನು ಬೆರಳಿನಿಂದ ಹಿಂಬಾಲಿಸಿದರು. ಆ ಬೆರಳು ಸಮುದ್ರದ ಕಡೆ ಹೋಗಲಿಲ್ಲ. ಠಾಣೆಯ ಮೂಲೆ ತಿರುಗಿ ಹಿಂದಕ್ಕೆ ಹೋಯಿತು. ನಾನು ಓಡಿದೆ.

ಗೋಡೆಯ ತೂತಿನಿಂದ ಹೊರಬರುತ್ತಿದ್ದ ಬೆಚ್ಚಗಿನ ಗಾಳಿಯನ್ನು ಹುಡುಕಿಕೊಂಡು ಬೀಗರು ಅಡಿಗೆಮನೆಗೇ ಬಂದುಬಿಟ್ಟಿದ್ದರು. ಮುಂದಿನ ಅರ್ಧ ಒಳಗೆ, ಹಿಂದಿನ ಅರ್ಧ ಹೊರಗೆ. ಗೋಡೆಯ ತೂತಿಗೆ ಬಿರಡೆ ಹಾಕಿದ ಹಾಗೆ ಗಾಳಿಗೂ ಜಾಗವಿಲ್ಲ. ಗದ್ದವನ್ನು ನನ್ನ ಹಿಟ್ಟಿನ ಮೂಟೆಯ ಮೇಲಿಟ್ಟು ಕಣ್ಣು ಮುಚ್ಚಿದ್ದರು.

"ಒಳಗೆ ಬೆಚ್ಚಗಾಗ್ತಿದೆ ಕಣ್ರೀ! ಗೋಡೆಗಿಂತ ಇವರೇ ವಾಸಿ!" ಎಂದ ಮೆಕ್ಯಾನಿಕ್. ನನಗೆ ಅಳುವುದೋ ಅವನಿಗೆ ಬಾರಿಸುವುದೋ ತಿಳಿಯಲಿಲ್ಲ.

ಮರುದಿನ ವೈರ್‌ಲೆಸ್ಸಿನಲ್ಲಿ ಅಕ್ಕನ ದನಿ ಬಂತು. ನಾವೆಲ್ಲ ಅದಕ್ಕೆ ಕಿವಿಯೊಡ್ಡಿ ನಿಂತಿದ್ದೆವು.

"ಕೊಯ್ದ್ರು. ಒಡೆಯೋ ಹಾಗಾಗಿತ್ತಂತೆ. ಉಳಿದ್ರು ಕಣೋ." ಸ್ವಲ್ಪ ಹೊತ್ತು ಬರೀ ಕರಕರ ಸದ್ದು. ಅದರಲ್ಲಿ ಅವಳು ಅತ್ತಳೆಂದು ನನ್ನ ಊಹೆ. "ಎಚ್ಚರಾದ ತಕ್ಷಣ ತಿದ್ದುಪಡಿ ಹೇಳಿ ಬರೆಸ್ತಿದ್ದಾರೆ. ವೈದ್ಯನೇ ರೋಗಿಯಾದ್ರೆ ಯಾರು ಸಹಿ ಹಾಕ್ಬೇಕು ಅಂತ."

"ಬಾಣಸಿಗ ಅಂತ ಬರಿ ಅಕ್ಕಾ!"

"ಬಾಣಸಿಗನನ್ನ ಬಿಟ್ಟು ಬೇರೆ ಯಾರಾದ್ರೂ ಅಂತ ಬರೆಸಿದ್ದಾರೆ." ಹಿಂದಿನಿಂದ ಭಾವನ ನಗು, ಕೂಡಲೇ ಅಯ್ಯೋ ಎಂಬ ನರಳಾಟ ಕೇಳಿಸಿತು. "ಗೋಡೆ ಮುಚ್ಚಿದ್ರಾ?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಒಂದು ಎಳೆಯನ್ನೂ ಸೇರಿಸಲಿಲ್ಲ. ಅದಕ್ಕೇ ಇರಬೇಕು, ಅಕ್ಕ ನಂಬಲಿಲ್ಲ. ನಾಯಕರು ಬಂದು ಹೌದೆನ್ನಬೇಕಾಯಿತು.

"ಅಡಿಗೆಮನೆ ಉದ್ದ ಎಷ್ಟು? ಸೀಲ್‌ನಿಂದ ದೂರ ನಿಲ್ಲೋಕೆ ಜಾಗ ಇದೆಯಾ?" ಎಂದು ಕೇಳಿದಳು ಅಕ್ಕ. ದನಿ ಮತ್ತೆ ಕಾನೂನಿನದಾಗಿತ್ತು.

"ಬಿಡಕ್ಕಾ. ನಾನು ಅದರ ಹತ್ತಿರ ಹೋಗ್ಲಿಲ್ಲ. ಅದೇ ನನ್ನ ಹತ್ತಿರ ಬಂತು. ತಪ್ಪು ನಂದಲ್ಲ ಅಂತ ನೀನೇ ಬರ್ದಿದ್ದೀಯ."

ಆ ಕಡೆ ಕಾಯಿದೆಯ ಪುಟ ತಿರುವಿದ ಸದ್ದು ಕೇಳಿದಂತಾಯಿತು.

"ಸರಿ. ಹಾಗಿದ್ರೆ ಅಡಿಗೆ ಮಾಡ್ಕೋ. ಆದ್ರೆ ಅದು ಹೋಗೋವರೆಗೂ ಒಳಗೆ ಸದ್ದು ಮಾಡೋ ಹಾಗಿಲ್ಲ. ಪಾತ್ರೆ ಕುಟ್ಟೋ ಹಾಗಿಲ್ಲ, ಸಿಳ್ಳೆ ಹಾಕೋ ಹಾಗಿಲ್ಲ. ಮುಖ್ಯವಾಗಿ, ತಮ್ಮಾ, ಮಾತಾಡೋ ಹಾಗಿಲ್ಲ."

ಹಿಂದೆ ಭಾವ ಮತ್ತೆ ನಕ್ಕು ಮತ್ತೆ ನರಳಿದ.

ನಾನು ಅಡಿಗೆಮನೆಗೆ ಹೋದೆ. ಹುಳಿಹಿಟ್ಟಿನ ಜಾಡಿಯನ್ನು ಹೊಟ್ಟೆಯಿಂದ ಬಿಚ್ಚಿದೆ. ಒಳಗೆ ಗುಳ್ಳೆಗಳು ಏಳುತ್ತಿದ್ದವು. ಬೀಗರ ಗದ್ದದಡಿಯಿಂದ ಹಿಟ್ಟು ತೆಗೆಯುವಂತಿರಲಿಲ್ಲ. ಇನ್ನೊಂದು ಮೂಟೆ ಬಿಚ್ಚಿ, ಬೆಕ್ಕಿನ ಹೆಜ್ಜೆಯಿಡುತ್ತ ನಾದಲು ನಿಂತೆ. ತಟ್ಟೆಯಗಲದ ಆ ಕಣ್ಣು ತೆರೆದು ನನ್ನನ್ನೇ ನೋಡಿತು. ಹೇಳಿಕೊಳ್ಳಲು ನನ್ನಲ್ಲಿ ಎಷ್ಟೊಂದು ಇತ್ತು! ಗೋಡೆ ಒಡೆದವನು ನಾನು, ಒಲೆ ಒಬ್ಬನೇ ಎಳೆದವನು ನಾನು, ಭಾವನ ಜೀವ ಉಳಿಸಿದವನು ನಾನು. ಎಲ್ಲವೂ ನಾಲಿಗೆಯ ತುದಿಗೆ ಬಂದು ಒದ್ದಾಡಿದವು.

ಕಾಯಿದೆ ಕಾಯಿದೆಯೇ. ತುಟಿ ಹೊಲಿದುಕೊಂಡು ನಾದಿದೆ.